ಸುತ್ತು ಹಾಕಿದ ಸಾಲು

ಮಾರ್ಚ್ ೩

ತಂಗೀ,

ನನ್ನ ಕಾಗದ ಬಂದರೆ ಒಡೆಯುವುದೂ ಇಲ್ಲ ಎಂದು ನೀನು ಹೇಳಿ ಹೋಗಿ ಎರಡು ವರ್ಷವಾಯಿತು. ಆದರೂ ಬರೆಯುತ್ತಿದ್ದೇನೆ. ಫೋನು ಮಾಡಿದರೆ ಮೂರನೇ ಮಾತಿಗೆ ನೀನು ಟೀಚರಾಗುತ್ತೀಯ, ನಾನು ಬಜಾರಿಯಾಗುತ್ತೇನೆ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಅಮ್ಮ ನಿನ್ನ ಮನೆ ಬಿಟ್ಟು ನನ್ನ ಮನೆಯಲ್ಲೇ ಇರುತ್ತೇನೆಂದದ್ದು ಅಮ್ಮನ ಇಷ್ಟ. ನಾನೇನು ಕಟ್ಟಿ ಹಾಕಿಲ್ಲ.

ಅವಳ ಮಂಡಿನೋವು ಜಾಸ್ತಿಯಾಗಿ ಬೇರೆ ಡಾಕ್ಟರ ಹತ್ತಿರ ಹೋಗಿದ್ದೆವು. ಹೊಸ ಮಾತ್ರೆ ಬರೆದುಕೊಟ್ಟಿದ್ದಾರೆ, ಹಳದಿಯದು, ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು. ಎದೆಗೆಂದು ವರ್ಷಗಳಿಂದ ನುಂಗುತ್ತಿರುವ ಬಿಳಿ ಮಾತ್ರೆ ಅದೇ ಹೊತ್ತಿಗೆ ಇದ್ದೇ ಇದೆ. ಹೊಸದರ ಡಬ್ಬಿಯಲ್ಲಿ ಮಡಿಸಿಟ್ಟಿದ್ದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಇರುವೆಗಿಂತ ಸಣ್ಣ ಅಕ್ಷರ. ಪೆನ್ಸಿಲ್ಲಿನ ಸುತ್ತು ಇರುವ ಸಾಲು ನಮಗೆ ತಲೆಬುಡ ಅರ್ಥವಾಗಲಿಲ್ಲ. ಔಷಧಿ ಅಂಗಡಿಯವನನ್ನು ಕೇಳಿದರೆ "ಎಲ್ಲದ್ರಲ್ಲೂ ಹಂಗೇ ಬರ್ದಿರ್ತಾರೆ, ತಗೊಳ್ಳಿ" ಅಂದ. ನೀನು ಮಕ್ಕಳಿಗೆ ಇಂಥದ್ದನ್ನೇ ಓದಿಸುವವಳು ತಾನೇ? ಒಂದು ಸಾಲು ಬರೆದು ತಿಳಿಸು. ನನ್ನ ಮೇಲಿನ ಕೋಪವನ್ನು ಅಮ್ಮನ ಮಂಡಿಯ ಮೇಲೆ ತೀರಿಸಬೇಡ.

ಉತ್ತರ ಕಾಯುತ್ತಾ,
ಅಕ್ಕ


ಜೂನ್ ೨

ತಂಗೀ,

ಅಮ್ಮ ಹೋಗಿ ಎರಡು ತಿಂಗಳಾಗುತ್ತಾ ಬಂತು. ಆ ದಿನ ನೀನು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೊರಟೆ. ನಡುವೆ ನನ್ನನ್ನು ಕೇಳಿದ್ದು ಒಂದೇ ಮಾತು, "ಏನಾಯ್ತು?" ಎಂದು. "ಹೊಟ್ಟೆಯೊಳಗೆ ರಕ್ತ ಸೋರ್ತಂತೆ" ಅಂದೆ. ನೀನು ತಲೆಯಾಡಿಸಿ ಬ್ಯಾಗು ಎತ್ತಿಕೊಂಡೆ. ನಾನೂ ಮುಂದೆ ಹೇಳಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಪಿಟೀಲು ಓದಿನ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. ಲೆಕ್ಕ, ವಿಜ್ಞಾನ ಎಲ್ಲ ಹೇಗೋ ದಾಟಿದಳು. ಒಂದು ಪುಟ ಕೊಟ್ಟು ಇದರಲ್ಲಿ ಏನು ಹೇಳಿದೆ ಎಂದು ಕೇಳಿದರೆ ಮಾತ್ರ ಗೋಡೆ ನೋಡುತ್ತಾಳಂತೆ. ಅಕ್ಟೋಬರಿನಲ್ಲಿ ಮತ್ತೆ ಕೂರಬಹುದು. ಆಗಲೂ ಆಗದಿದ್ದರೆ ಶಾಲೆಯಿಂದ ಹೆಸರು ತೆಗೆಯುತ್ತಾರೆ, ಹದಿನಾರು ತುಂಬಿದ ಮಾರನೇ ದಿನ ನಮ್ಮ ಲಾಂಡ್ರಿಗೆ ಬಂದು ಹೋಟೆಲುಗಳ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ನೀನು ಓದಲಿ ಎಂದು ನಾನು ಎಂಟನೇ ತರಗತಿ ಬಿಟ್ಟು ಆ ಹಬೆಯೊಳಗೆ ಹೋದವಳು. ಇದನ್ನು ಎತ್ತಿ ಆಡುತ್ತಿಲ್ಲ. ಆಡುತ್ತಲೇ ಇದ್ದೇನೆ, ಇರಲಿ ಬಿಡು. ನನ್ನ ಮಗಳು ಅಲ್ಲಿಗೆ ಬರುವುದು ನನಗೆ ಬೇಡ. ಅವಳನ್ನು ನಿನ್ನ ಮನೆಯಲ್ಲಿಟ್ಟುಕೊಂಡು, ನಿನ್ನ ತರಗತಿಯಲ್ಲಿ ಕೂರಿಸಿಕೊಂಡು ಓದು ಕಲಿಸು. ಕೈಮುಗಿದು ಕೇಳುತ್ತೇನೆ. ನಾನು ನಿನಗೆ ಕೈಮುಗಿಯುವುದನ್ನು ನೋಡಬೇಕೆಂದು ಎಷ್ಟು ವರ್ಷ ಕಾದಿದ್ದೆಯೋ, ನೋಡು.

ಒಂದೇ ಒಂದು ಮಾತು ನಡೆಸಿಕೊಡು. ಅಮ್ಮನ ಕಾಯಿಲೆ, ಮಾತ್ರೆ, ಆ ಕೊನೆಯ ದಿನಗಳು, ಯಾವುದನ್ನೂ ಅವಳೆದುರು ಎತ್ತಬೇಡ. ಪಿಟೀಲು ಎಂದು ಹೆಸರಿಟ್ಟಿದ್ದೇ ಅಮ್ಮ, ಹುಟ್ಟಿದಾಗಿನಿಂದ ಒಂದೇ ರಾಗ ಕುಯ್ಯುತ್ತಾಳೆಂದು. ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದ ಹುಡುಗಿ. ನಾನು ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ಮಧ್ಯಾಹ್ನ ಮೂರಕ್ಕೆ ಬರುವವಳು. ಅವರಿಬ್ಬರದೇ ಒಂದು ಸಂಸಾರ ಆಗಿತ್ತು.

ನಿನ್ನ ಅಕ್ಕ


ಜೂನ್ ೯

ಅಕ್ಕಾ,

ಕಳಿಸು. ನಿನ್ನ ಕೈಮುಗಿತ ತಲುಪಿತು. ಚೆನ್ನಾಗಿತ್ತು.

ನನ್ನ ಷರತ್ತು ಕೇಳು. ಶಾಲೆಯಲ್ಲಿ ಅವಳು ನನ್ನನ್ನು ಚಿಕ್ಕಮ್ಮ ಎನ್ನಬಾರದು, ಮಿಸ್ ಎನ್ನಬೇಕು. ಅಳಬಾರದು. ಬಾಯಿಪಾಠ ಮಾಡಬಾರದು. ನಾನು ಕಥೆ ಓದಿಸುವುದಿಲ್ಲ. ಕಥೆ ಅರ್ಥವಾಗದಿದ್ದರೆ ಯಾರೂ ಸಾಯುವುದಿಲ್ಲ. ಈ ವಯಸ್ಸಿನವರು ಓದಬೇಕಾದದ್ದು ಲಿಫ್ಟಿನೊಳಗಿನ ಸೂಚನೆ, ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಬರಹ, ರೈಲಿನ ವೇಳಾಪಟ್ಟಿ, ಇಲಿಪಾಷಾಣದ ಡಬ್ಬಿ. ಇವನ್ನು ನಾವು ಮಾಹಿತಿ ಪಠ್ಯ ಎನ್ನುತ್ತೇವೆ. ನನ್ನ ತರಗತಿಯಲ್ಲಿ ಮೊದಲ ಪ್ರಶ್ನೆ ಯಾವತ್ತೂ ಒಂದೇ: ಇದರಲ್ಲಿ ಮಾಹಿತಿ ಏನಿದೆ? ಖುಷಿಯಾಯಿತೇ, ಅಳು ಬಂತೇ ಎಂಬುದು ನನಗೆ ಬೇಕಾಗಿಲ್ಲ. ಆಮೇಲೆ, ಯಾರು ಯಾವಾಗ ಏನು ಮಾಡಬೇಕು ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆ, ಬರೆದವರು ಬರೆಯದೆ ಬಿಟ್ಟದ್ದು ಏನು. ಈ ಮೂರು ಕಲಿತವರಿಗೆ ಯಾರೂ ಮೋಸ ಮಾಡಲಾರರು.

ಅಮ್ಮನ ವಿಷಯ ಎತ್ತಬೇಡ ಎಂದಿದ್ದೀಯ. ಎತ್ತಲು ನನಗೆ ಏನು ಗೊತ್ತಿದೆ? ಹೆತ್ತ ತಾಯಿ ಹೇಗೆ ಸತ್ತಳೆಂದು ನನಗೆ ಮೂರು ಪದದಲ್ಲಿ ಮುಗಿಸಿದವಳು ನೀನು.

ತಂಗಿ


ಜುಲೈ ೨೮

ಅಕ್ಕಾ,

ನಿನ್ನ ಮಗಳ ವರದಿ. ಮೊದಲ ವಾರ ಲಿಫ್ಟಿನ ಸೂಚನೆ ಕೊಟ್ಟೆ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಇಷ್ಟೇ. "ಇದ್ರಲ್ಲಿ ಮಾಹಿತಿ ಏನಿದೆ?" ಎಂದು ಅವಳನ್ನು ಎಬ್ಬಿಸಿದೆ. ಬಹಳ ಹೊತ್ತು ಯೋಚಿಸಿ "ಈ ಕಟ್ಟಡದಲ್ಲಿ ಲಿಫ್ಟ್ ಇದೆ ಮಿಸ್" ಅಂದಳು. ಮೂವತ್ತಮೂರು ಮಕ್ಕಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹಿಂದಿನ ಬೆಂಚಿನಲ್ಲಿ ಒಬ್ಬನಿದ್ದಾನೆ, ಎಲ್ಲದಕ್ಕೂ ವಾದ ಹೂಡುವುದರಿಂದ ವಕೀಲ ಎಂದೇ ಕರೆಯುತ್ತೇವೆ. ಅವನು ಮಾತ್ರ "ಸರೀನೇ ಅಲ್ವಾ ಮಿಸ್, ಲಿಫ್ಟ್ ಇಲ್ದೆ ಬೋರ್ಡ್ ಯಾಕೆ ಹಾಕ್ತಾರೆ?" ಎಂದು ಅವಳ ಪರ ನಿಂತ. ನಾನು ಇಬ್ಬರನ್ನೂ ಕೂರಿಸಿದೆ. "ನಿಮ್ಮಮ್ಮನ ಹಾಗೇ ಓದ್ತೀಯ, ಕಣ್ಣಿಗೆ ಬಿದ್ದಿದ್ದು ಬಿಟ್ಟು ಬೇರೇನೂ ಕಾಣಲ್ಲ" ಎಂದೆ. ಎಲ್ಲರ ಮುಂದೆಯೇ ಎಂದೆ.

ಈಗ ಪರವಾಗಿಲ್ಲ. ಒಂದು ಅಭ್ಯಾಸ ಅವಳಿಗೆ ಮೊದಲೇ ಇತ್ತು, ಗೊತ್ತಿಲ್ಲದ ಮಾತಿಗೆ ಪೆನ್ಸಿಲಿನಿಂದ ಸುತ್ತು ಹಾಕುವುದು. ಒಳ್ಳೆಯದೇ. ಆದರೆ ಆ ಸುತ್ತನ್ನು ಸರಿಯಾಗಿ ಮುಚ್ಚಲು ಬಾರದು. ಮೊಟ್ಟೆಗೆ ಬಾಲ ಬಂದ ಹಾಗೆ ಗೆರೆ ಹೊರಗೆ ಓಡುತ್ತದೆ. ಪ್ರತಿ ಹಾಳೆಯಲ್ಲೂ ಕೆಂಪು ಶಾಯಿಯಲ್ಲಿ ಬಾಲ ಕತ್ತರಿಸುತ್ತೇನೆ, ಮರುದಿನ ಮತ್ತೆ ಬೆಳೆದಿರುತ್ತದೆ.

ತಂಗಿ


ಆಗಸ್ಟ್ ೧೯

ತಂಗೀ,

ಎಲ್ಲರ ಮುಂದೆ ನನ್ನ ಹೆಸರು ಹಿಡಿದು ಬೈದದ್ದನ್ನು ಬರೆದು ತಿಳಿಸುವ ಧೈರ್ಯ ನಿನಗೇ ಇರಬೇಕು. ಹೋಗಲಿ. ಮಗು ಕಲಿಯುತ್ತಿದೆ, ನನಗೆ ಅಷ್ಟು ಸಾಕು.

ರಜೆಗೆ ಬಂದಾಗ ಲಾಂಡ್ರಿಗೆ ನನ್ನ ಊಟದ ಡಬ್ಬಿ ತಂದಿದ್ದಳು. ಸೋಪಿನ ದೊಡ್ಡ ಪೀಪಾಯಿ ಇದೆಯಲ್ಲ, ಅದರ ಮೇಲಿನ ಚೀಟಿಯನ್ನು ನಿಂತುಕೊಂಡು ಓದಿದಳು. "ಅಮ್ಮ, ಗ್ಲೌಸ್ ಇಲ್ದೆ ಇದನ್ನ ಮುಟ್ಲೇಬಾರ್ದು ಅಂತಿದೆ" ಅಂದಳು. ನಾವು ಹನ್ನೊಂದು ಜನ ನಮ್ಮ ನಮ್ಮ ಕೈ ನೋಡಿಕೊಂಡೆವು. ಇಪ್ಪತ್ತು ವರ್ಷದಿಂದ ಆ ಚೀಟಿ ಅಲ್ಲೇ ಇತ್ತು. ಮೇಸ್ತ್ರಿಯ ಮುಖ ಕೆಂಪಾಯಿತು, ಮರುದಿನ ಗ್ಲೌಸು ಬಂತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಿನ್ನ ಮೇಲಿನ ಸಿಟ್ಟು ಒಂದು ದಿನಕ್ಕೆ ಮರೆತೇ ಹೋಯಿತು.

ಅಕ್ಟೋಬರ್ ದಾಟಿಸಿಬಿಡು. ಜನ್ಮವಿಡೀ ನಿನ್ನ ಋಣದಲ್ಲಿರುತ್ತೇನೆ.

ಅಕ್ಕ


ಸೆಪ್ಟೆಂಬರ್ ೧೨

ಅಕ್ಕಾ,

ಕಪಾಟು ಚೊಕ್ಕ ಮಾಡುವಾಗ ನಿನ್ನ ಹಳೆಯ ಲಕೋಟೆಗಳು ಸಿಕ್ಕವು. ಅಮ್ಮ ಹೋಗುವ ಮೊದಲು ಬಂದವನ್ನೆಲ್ಲ ಅಂದಂತೆಯೇ ಒಡೆಯದೆ ಇಟ್ಟಿದ್ದೆ. ಏಳು ಇದ್ದವು. ನಿನ್ನೆ ಒಂದೊಂದಾಗಿ ಒಡೆದೆ. ಮಾರ್ಚಿನ ಲಕೋಟೆಯೊಳಗಿನಿಂದ ಮಾತ್ರೆಯ ಕಾಗದ ಬಿತ್ತು.

"ಹೆಪ್ಪುರೋಧಕ ಔಷಧಿ ಪಡೆಯುತ್ತಿರುವ ರೋಗಿಗಳಲ್ಲಿ ಸಹಸೇವನೆ ವರ್ಜ್ಯ." ಈ ಸಾಲಿಗೆ ಸುತ್ತು ಹಾಕಿದ್ದೀಯ. ಪೆನ್ಸಿಲು ಅಲ್ಲಿಯೇ ನಿಂತಿದೆ ಎಂದರೆ ಕಣ್ಣೂ ಅಲ್ಲಿ ನಿಂತಿತ್ತು. ಏನೋ ಅಪಾಯ ಇದೆ ಎಂದು ನಿನಗೆ ಹೊಳೆದಿತ್ತು. ಆದರೂ ಕೊಟ್ಟೆ. ದಿನವೂ ಅಮ್ಮ ತಿಂಡಿ ಮುಗಿಸುವ ಎಂಟು ಗಂಟೆಗೆ, ತಟ್ಟೆ ಎತ್ತಿದ ಮೇಲೆ, ಬಿಳಿಯದೊಂದು ಹಳದಿಯದೊಂದು ಅವಳ ಅಂಗೈಯಲ್ಲಿ ಇಟ್ಟೆ. ಅಮ್ಮನ ಹೊಟ್ಟೆಯೊಳಗೆ ರಕ್ತ ಸೋರಲಿಲ್ಲ, ನೀನು ಸೋರಿಸಿದೆ.

ಲಕೋಟೆಯನ್ನು ಮಾರ್ಚಿನಲ್ಲೇ ಒಡೆಯಬಹುದಿತ್ತಲ್ಲ ಎಂದು ನೀನು ಕೇಳಬಹುದು. ಕೇಳು. ಕಾಗದ ಒಡೆಯದಿದ್ದವಳು ಮಾತ್ರೆ ಕೊಡಲಿಲ್ಲ.

ನಾನು ಇದನ್ನು ಯಾರಿಗೂ ದೂರು ಕೊಡುವುದಿಲ್ಲ. ಪಾಠ ಮಾಡುತ್ತೇನೆ. ಈ ವರ್ಷ ಔಷಧಿಯ ಮಾಹಿತಿ ಪಠ್ಯ ಇನ್ನೂ ಆಗಿಲ್ಲ. ಇದಕ್ಕಿಂತ ಒಳ್ಳೆಯ ಹಾಳೆ ನನಗೆ ಎಲ್ಲಿ ಸಿಗುತ್ತದೆ? ಅಕ್ಟೋಬರ್ ಮೊದಲ ವಾರ ಇಡೀ ತರಗತಿಗೆ ಹಂಚುತ್ತೇನೆ. ನಿನ್ನ ಮಗಳು ಮೊದಲ ಬೆಂಚಿನಲ್ಲಿ ಕೂತು ಓದಲಿ. ಅವಳಮ್ಮ ಏನು ಮಾಡಿದಳೆಂದು ನಾನು ಒಂದು ಮಾತೂ ಹೇಳುವುದಿಲ್ಲ, ನಿನ್ನ ಷರತ್ತು ಮುರಿಯುವುದಿಲ್ಲ. ಅವಳೇ ಓದಿ ತಿಳಿಯಲಿ. ಓದು ಕಲಿಸು ಎಂದವಳು ನೀನೇ ಅಲ್ಲವೇ?

ತಂಗಿ


ಸೆಪ್ಟೆಂಬರ್ ೧೬

ತಂಗೀ,

ಹೌದು. ಸುತ್ತು ಹಾಕಿದ್ದು ನಾನೇ, ಕೊಟ್ಟಿದ್ದೂ ನಾನೇ. ಆಸ್ಪತ್ರೆಯ ಡಾಕ್ಟರು ಎರಡೂ ಡಬ್ಬಿಗಳನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅಂದಿನಿಂದ ಅದನ್ನು ನುಂಗಿಕೊಂಡು ಓಡಾಡುತ್ತಿದ್ದೇನೆ. ಕೊಲೆಗಾತಿ ಎಂದು ಬೇಕಾದರೆ ಬರೆ. ಊರಿಗೆಲ್ಲ ಬರೆ, ನಮ್ಮ ಮೇಸ್ತ್ರಿಗೂ ಒಂದು ಪ್ರತಿ ಕಳಿಸು. ನಾನು ಇಲ್ಲ ಎನ್ನುವುದಿಲ್ಲ.

ಆ ಹಾಳೆಯನ್ನು ಮಾತ್ರ ತರಗತಿಗೆ ಕೊಡಬೇಡ. ಕೊಡಲೇಬೇಕೆಂದರೆ ಆ ದಿನ ಪಿಟೀಲಿಗೆ ಜ್ವರವೆಂದು ಮನೆಯಲ್ಲಿ ಬಿಡು. ಯಾಕೆ ಎಂದು ಕೇಳಬೇಡ. ನನ್ನ ಕಾಗದಗಳನ್ನೆಲ್ಲ ಇನ್ನೊಂದು ಸಲ ಓದು. ನೀನು ಓದಿಸುವವಳು, ನಾನು ಎಂಟನೇ ತರಗತಿ ಬಿಟ್ಟವಳು. ಇದಕ್ಕಿಂತ ಬಿಡಿಸಿ ಬರೆಯಲು ನನ್ನಿಂದ ಆಗದು. ಈ ಕಾಗದವನ್ನು ಅವಳೇನಾದರೂ ನೋಡಿಬಿಟ್ಟರೆ ಎಂದು ಎರಡು ಸಲ ಬರೆದು ಹರಿದು ಹಾಕಿದೆ.

ತಂಗೀ, ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಕೇಳುತ್ತಿದ್ದೇನೆ. ಬೇಡ.

ಅಕ್ಕ


ಅಕ್ಟೋಬರ್ ೪

ಅಕ್ಕಾ,

ನಿನ್ನ ಕಾಗದ ಬಂತು. ಮಗಳ ಕಣ್ಣಲ್ಲಿ ದೇವರಾಗಿ ಉಳಿಯಬೇಕೆಂಬ ನಿನ್ನ ಆಸೆ ಅರ್ಥವಾಯಿತು. ಅದಕ್ಕೇ ಪಾಠ ಮಾಡಿದೆ.

ಹಾಳೆಯ ಮೂವತ್ತನಾಲ್ಕು ಝೆರಾಕ್ಸ್ ಮಾಡಿಸಿ ಹಂಚಿದೆ. ವಕೀಲ "ಮಿಸ್, ಇದನ್ನ ಮನುಷ್ಯರೇ ಬರ್ದಿರೋದಾ?" ಎಂದು ಎಲ್ಲರನ್ನೂ ನಗಿಸಿದ. ಸುತ್ತು ಹಾಕಿದ ಸಾಲನ್ನು ಹಲಗೆಯ ಮೇಲೆ ಬರೆದು ಬಿಡಿಸಿದೆ. ಹೆಪ್ಪುರೋಧಕ ಅಂದರೆ ರಕ್ತ ಗಟ್ಟಿಯಾಗದಂತೆ ತಡೆಯುವ ಮಾತ್ರೆ, ಎದೆಯ ಕಾಯಿಲೆಯವರು ತೆಗೆದುಕೊಳ್ಳುವುದು. ಸಹಸೇವನೆ ಅಂದರೆ ಜೊತೆಗೆ ನುಂಗುವುದು. ವರ್ಜ್ಯ ಅಂದರೆ ಬೇಡವೇ ಬೇಡ. "ಈಗ ಆಡುಮಾತಲ್ಲಿ ಹೇಳಿ" ಎಂದೆ. "ಎರಡೂ ಒಟ್ಟಿಗೆ ತಗೊಂಡ್ರೆ ರಕ್ತ ನಿಲ್ಲಲ್ಲ" ಎಂದು ಮುಂದಿನ ಬೆಂಚಿನ ಹುಡುಗಿ ಹೇಳಿದಳು.

ಆಮೇಲೆ ಪ್ರಶ್ನೆ ಹಾಕಿದೆ. ಒಂದು ಮನೆಯಲ್ಲಿ ಒಬ್ಬ ವಯಸ್ಸಾದಾಕೆ. ದಿನವೂ ಬೆಳಿಗ್ಗೆ ಆಕೆಗೆ ಎರಡೂ ಮಾತ್ರೆ ಕೊಟ್ಟರು. ಸತ್ತಳು. ತಪ್ಪು ಯಾರದು?

"ಡಾಕ್ಟ್ರದ್ದು" ಅಂದ ವಕೀಲ. "ಅಲ್ಲ, ಕೊಟ್ಟೋರದ್ದು. ಕಾಗದ ಡಬ್ಬಿಯಲ್ಲೇ ಇತ್ತಲ್ಲ" ಅಂದಳು ಆ ಹುಡುಗಿ. ನಾನು ಶಭಾಷ್ ಎಂದೆ. ಆಗ ನಿನ್ನ ಮಗಳು ಎದ್ದು ನಿಂತಳು. ಕೈ ಎತ್ತದೆ ಎದ್ದದ್ದು ಅದೇ ಮೊದಲು.

"ಕೊಟ್ಟೋರಿಗೆ ಅರ್ಥ ಆಗಿರ್ಲಿಲ್ಲ ಅಂದ್ರೆ ಮಿಸ್?"

"ಅರ್ಥ ಆಗ್ದೆ ಇದ್ರೆ ಕೊಡಬಾರ್ದು. ಅದಕ್ಕೆ ಕ್ಷಮೆ ಇಲ್ಲ" ಎಂದೆ. ನಿನ್ನನ್ನೇ ಎದುರಿಗೆ ನಿಲ್ಲಿಸಿಕೊಂಡ ಹಾಗೆ ಹೇಳಿದೆ. ಸುಳ್ಳೇಕೆ, ಹೇಳುವಾಗ ಬಹಳ ಹಿತವಾಗಿತ್ತು.

ಅವಳು ಕೂರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೇಲಿನಿಂದ ಕೆಳಗಿನವರೆಗೆ ಇಡೀ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ, ಒಂದು ಪದವನ್ನೂ ನುಂಗಲಿಲ್ಲ. ತರಗತಿಯೇ ಬೆರಗಾಯಿತು. ಬರೆದ ಉತ್ತರಗಳಿಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಕೊಟ್ಟಿರಲಿಲ್ಲ.

ನಿನ್ನ ಮಗಳಿಗೆ ಓದು ಬಂತು ಅಕ್ಕಾ. ನಿನ್ನೆಯಿಂದ ಊಟ ಬಿಟ್ಟಿದ್ದಾಳೆ. ತಾಯಿ ಮಾಡಿದ್ದು ತಿಳಿದರೆ ಯಾವ ಮಗುವಿಗಾದರೂ ಹಾಗೇ. ಸರಿಹೋಗುತ್ತಾಳೆ.

ತಂಗಿ


ಅಕ್ಟೋಬರ್ ೫

ಮಿಸ್,

ನಾನು ಬೆಳಗಿನ ಬಸ್ಸಿಗೆ ಮನೆಗೆ ಹೋಗುತ್ತಿದ್ದೇನೆ. ಬೀಗದ ಕೈ ಸಕ್ಕರೆ ಡಬ್ಬಿಯ ಹಿಂದೆ ಇದೆ.

ಝೆರಾಕ್ಸಿನಲ್ಲೂ ಆ ಸುತ್ತಿಗೆ ಬಾಲ ಇತ್ತು. ನೀವು ಜೂನಿನಿಂದ ದಿನವೂ ಕೆಂಪು ಶಾಯಿಯಲ್ಲಿ ಕತ್ತರಿಸಿದ ಬಾಲ. ನಿಮಗೆ ಗುರುತು ಸಿಗಲಿಲ್ಲವಾ?

ಸುತ್ತು ಹಾಕಿದ್ದು ನಾನು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅಜ್ಜಿಗೆ ಆ ಕಾಗದ ಓದಿ ಹೇಳುತ್ತಿದ್ದೆ. ಆ ಸಾಲು ಬಂದಾಗ ನಿಂತೆ. "ಚಿಕ್ಕಮ್ಮಂಗೆ ಕಳ್ಸೋಣ, ಅವಳಿಗೆ ಗೊತ್ತಿರತ್ತೆ" ಅಂದರು ಅಮ್ಮ. ಲಕೋಟೆಗೆ ಅಂಟು ಹಚ್ಚಿದ್ದೂ ನಾನು. ಅಮ್ಮ ಬೆಳಿಗ್ಗೆ ಇರುವುದಿಲ್ಲವಲ್ಲ, ಅಜ್ಜಿಯ ಮಾತ್ರೆ ನನ್ನ ಕೆಲಸ. ಒಂದು ವಾರ ಹಳದಿ ಮಾತ್ರೆ ಕೊಡಲಿಲ್ಲ. ದಿನವೂ ಶಾಲೆಯಿಂದ ಬಂದು ಪೋಸ್ಟಿನ ಡಬ್ಬ ನೋಡುತ್ತಿದ್ದೆ. ಅಜ್ಜಿ ನೋವಿಗೆ ಅಳುತ್ತಿದ್ದರು. ಎಂಟನೇ ದಿನ ನಾನೇ ಹೇಳಿದೆ, "ಚಿಕ್ಕಮ್ಮ ಏನೂ ಬರ್ದಿಲ್ಲ ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ ಅಜ್ಜಿ. ತೊಂದ್ರೆ ಇದ್ದಿದ್ರೆ ಬರೀತಿದ್ರು." ಅಜ್ಜಿ ನಕ್ಕು ಬಾಯಿ ತೆರೆದರು. ಕೊಟ್ಟದ್ದನ್ನು ಅಮ್ಮನಿಗೆ ಆಮೇಲೆ ಹೇಳಿದೆ.

ಬರೆದವರು ಬರೆಯದೆ ಬಿಟ್ಟದ್ದು ಏನು ಎಂದು ಆಮೇಲೆ ನೀವು ಕಲಿಸಿದಿರಿ. ನಾನು ಅದನ್ನು ನೀವು ಕಲಿಸುವ ಮೊದಲೇ ಮಾಡಿದ್ದೆ, ತಪ್ಪಾಗಿ ಮಾಡಿದ್ದೆ.

ನಿಮ್ಮ ಮೇಜಿನ ಡ್ರಾಯರಿನಲ್ಲಿದ್ದ ಅಮ್ಮನ ಕಾಗದಗಳನ್ನೂ ಓದಿದೆ. ಅಮ್ಮ ಐದೂವರೆಗೆ ಮನೆ ಬಿಡುತ್ತಾರೆ ಎಂದು ಜೂನಿನ ಕಾಗದದಲ್ಲೇ ಇದೆ. ಹಾಗಾದರೆ ಎಂಟು ಗಂಟೆಗೆ ಮಾತ್ರೆ ಕೊಟ್ಟವರು ಯಾರು? ಎರಡು ಅಂಕದ ಪ್ರಶ್ನೆ ಮಿಸ್. ನಮ್ಮ ತರಗತಿಯಲ್ಲಿ ಎಲ್ಲರೂ ಬರೆಯುತ್ತಿದ್ದರು. ಲಿಫ್ಟ್ ಇದೆ ಎಂದಿದ್ದ ನಾನೂ ಬರೆಯುತ್ತಿದ್ದೆ. ಅಮ್ಮ ನಿಮ್ಮನ್ನು ಅಷ್ಟು ಬೇಡಿಕೊಂಡಿದ್ದು ಅಮ್ಮನಿಗಾಗಿ ಅಲ್ಲ ಎಂದು ಅಲ್ಲೇ ಇದೆ, ಓದಿದರೆ ಕಾಣುತ್ತದೆ.

ಅರ್ಥ ಆಗದೆ ಇದ್ದರೆ ಕೊಡಬಾರದು, ಅದಕ್ಕೆ ಕ್ಷಮೆ ಇಲ್ಲ ಎಂದಿರಿ. ನೋಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅರ್ಥ ಗೊತ್ತಿದ್ದವರು ಹೇಳದೆ ಇದ್ದರೆ ಏನು ಎಂಬುದನ್ನು ನೀವು ಹೇಳಲಿಲ್ಲ.

ನನಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದೀರಿ. ನಿಮಗೆ ಎಷ್ಟು ಕೊಡಲಿ?

ಇಂತಿ,
ಮೊದಲ ಬೆಂಚಿನ ವಿದ್ಯಾರ್ಥಿನಿ


ಡಿಸೆಂಬರ್ ೧೧

ತಂಗೀ,

ನಿನ್ನ ಮೂರು ಕಾಗದಗಳು ಬಂದವು. ಮೂರೂ ದಪ್ಪ ಇದ್ದವು. ನಾನು ಒಡೆಯಲಿಲ್ಲ. ನಿನ್ನಿಂದಲೇ ಕಲಿತದ್ದು.

ಪಿಟೀಲು ಪರೀಕ್ಷೆ ಬರೆದಳು. ಓದಿನಲ್ಲಿ ನೂರಕ್ಕೆ ನೂರು ಬಂದಿದೆ ಎಂದು ಶಾಲೆಯವರೇ ಮನೆಗೆ ಬಂದು ಹೇಳಿ ಹೋದರು. ಮುಂದಿನ ತರಗತಿಗೆ ಹೆಸರು ಹಚ್ಚಲು ಹೋಗೋಣ ಬಾ ಅಂದೆ. ಬರುವುದಿಲ್ಲ ಅಂದಳು. ಬೈದೆ, ಕಾಲು ಹಿಡಿದೆ, ಹೊಡೆದೂ ಹೊಡೆದೆ. ಹೋದ ತಿಂಗಳು ಹದಿನಾರು ತುಂಬಿತು. ಮಾರನೇ ದಿನ ಐದೂವರೆಗೆ ನನಗಿಂತ ಮೊದಲು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಈಗ ನನ್ನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಾಳೆ. ಉಳಿದ ಹತ್ತು ಜನವೂ ತಮ್ಮ ಮನೆಯ ಔಷಧಿ ಚೀಟಿಗಳನ್ನು ತಂದು ಅವಳ ಕೈಯಲ್ಲಿ ಓದಿಸುತ್ತಾರೆ. ಓದುತ್ತಾಳೆ, ಒಂದೊಂದನ್ನೂ ಮೂರು ಸಲ. ಓದಿ ಮುಗಿದ ಮೇಲೆ ಕೈ ತೊಳೆದುಕೊಂಡು ಬರುತ್ತಾಳೆ.

"ನಿಂಗೆ ಮೊದ್ಲೇ ಗೊತ್ತಿತ್ತಾ ಅಮ್ಮ?" ಎಂದು ಒಂದೇ ಸಲ ಕೇಳಿದಳು. ಗೊತ್ತಿತ್ತು ಎಂದೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ನಿನ್ನ ಲಕೋಟೆಗಳನ್ನು ಅವಳೇ ತೆಗೆದುಕೊಂಡು ಒಡೆದಳು. ಸ್ಟೂಲಿನ ಮೇಲೆ ಕೂತು, ಪೆನ್ಸಿಲು ಹಿಡಿದುಕೊಂಡು, ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲೂ ಸುತ್ತು ಹಾಕಲಿಲ್ಲ. ನನಗೆ ತಡೆಯಲಾಗಲಿಲ್ಲ, ಒಡಹುಟ್ಟಿದವಳಲ್ಲವೇ, "ಏನೇ ಬರ್ದಿದಾಳೆ?" ಅಂದೆ.

ಹಾಳೆಗಳನ್ನು ಮೊದಲಿದ್ದ ಹಾಗೆಯೇ ಮಡಿಸಿ ಲಕೋಟೆಯೊಳಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಅತ್ತಿದಾರೆ ಅಮ್ಮ. ಮಾಹಿತಿ ಏನೂ ಇಲ್ಲ" ಅಂದಳು.

ಮೂರನ್ನೂ ಇದರ ಜೊತೆ ವಾಪಸು ಕಳಿಸಿದ್ದೇನೆ.

ಅಕ್ಕ